ಇಂಕಕ್ಕ ಹೇಳದೆ ಬಿಟ್ಟ ಮಾತು

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಪ್ರಿಂಟರು ಮುಷ್ಕರ ಹೂಡಿತೆಂದರೆ ‘ಇಂಕಕ್ಕನ ಹತ್ತಿರ ತಗೊಂಡು ಹೋಗಿ’ ಎನ್ನುತ್ತಿದ್ದರು, ಅಷ್ಟೆ. ಅಂಗಡಿಯ ಮುಂದಿನ ಕೋಣೆಯಲ್ಲಿ ಗಂಡ ಜೆರಾಕ್ಸ್ ಯಂತ್ರ ನೋಡಿಕೊಳ್ಳುತ್ತಿದ್ದ. ಹಿಂದಿನ ಕೋಣೆ ಅವಳದು. ಕಿಟಕಿಯ ಕೆಳಗೆ ಉದ್ದನೆಯ ಮೇಜು. ಅದರ ಮೇಲೆ ಹಳೆಯ ಪತ್ರಿಕೆಗಳ ಹಾಸು, ಎರಡು ಬಿಳಿ ತಟ್ಟೆ, ಎಳೆ ಬಿಡದ ಬಟ್ಟೆಯ ತುಂಡುಗಳು, ಸೂಜಿ ಕಿತ್ತ ಸಿರಿಂಜುಗಳು, ಚೀಟಿ ಅಂಟಿಸಿದ ಸೀಸೆಗಳು. ಹದಿನಾರು ವರ್ಷದಿಂದ ಸುತ್ತಲಿನ ಮನೆ, ಆಫೀಸುಗಳ ಒಣಗಿದ ಕಾರ್ಟ್ರಿಜ್‌ಗಳು ಈ ಮೇಜಿಗೆ ಹೆಣದಂತೆ ಬಂದು ಎದ್ದು ನಡೆದುಕೊಂಡು ಹೋಗಿದ್ದವು.

ಈ ವಿದ್ಯೆಯನ್ನು ಅವಳಿಗೆ ಯಾರೂ ಹೇಳಿಕೊಟ್ಟವರಲ್ಲ. ಮೊದಲ ವರ್ಷ ಕೆಡಿಸಿದ್ದೇ ಹೆಚ್ಚು. ನಲ್ಲಿ ನೀರು ಹಾಕಿದಳು. ನೀರಿನ ಉಪ್ಪು ಬಣ್ಣ ಹೊರಬರುವ ಕೂದಲೆಳೆಗಿಂತ ಸಣ್ಣ ತೂತುಗಳಲ್ಲಿ ಕೂತು ಮೊದಲಿಗಿಂತ ಗಟ್ಟಿಯಾಗಿ ಬಾಯಿ ಮುಚ್ಚಿತು. ಕುದಿಯುವ ನೀರು ಹಾಕಿದಳು. ಅಂಟು ಬಿಟ್ಟು ಕಾರ್ಟ್ರಿಜ್ಜೇ ಬಾಯಿಬಿಟ್ಟಿತು. ಉಜ್ಜಿದಳು, ಕರೆಂಟು ಹಾಯುವ ತಾಮ್ರದ ಚುಕ್ಕಿಗಳು ಗೀರುಬಿದ್ದು ಪ್ರಿಂಟರು ಅದರ ಗುರುತನ್ನೇ ಹಿಡಿಯಲಿಲ್ಲ. ಹೀಗೆ ಬಿದ್ದು ಎದ್ದು ಕೊನೆಗೆ ಒಂದು ಹದಕ್ಕೆ ಬಂದಿದ್ದಳು. ಬಟ್ಟಿ ಇಳಿಸಿದ ನೀರು ಮೂರು ಪಾಲು, ಸ್ಪಿರಿಟ್ ಒಂದು ಪಾಲು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ಹನಿ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಇದರಲ್ಲಿ ನೆನೆಸಿ, ತಟ್ಟೆಯಲ್ಲಿಟ್ಟು, ಕಾರ್ಟ್ರಿಜ್‌ನ ಮೂತಿಯನ್ನು ಅದರ ಮೇಲೆ ಮೆಲ್ಲಗೆ ಊರಿ ಕೂರಿಸುವುದು. ಎರಡು ನಿಮಿಷ ಬಿಟ್ಟು ಎತ್ತುವುದು, ಒತ್ತುವುದು, ಒರೆಸಬಾರದು. ಬಟ್ಟೆಯ ಮೇಲೆ ಬಣ್ಣದ ಪಟ್ಟಿ ಮುರಿಯದೆ ಮೂಡುವ ತನಕ ಮತ್ತೆ ಮತ್ತೆ. ಬೆಣ್ಣೆಯಲ್ಲಿ ಕೂದಲು ತೆಗೆಯುವಂಥ ಕೆಲಸ. ಅವಳ ಕಟ್ಟುಪಾಡುಗಳೂ ಅಷ್ಟೇ ಬಿಗಿ: ಕೈಗೆ ಗ್ಲೌಸ್ ಇರಬೇಕು, ಕಿಟಕಿ ತೆರೆದಿರಬೇಕು, ಸ್ಪಿರಿಟ್ ಸೀಸೆಯ ಹತ್ತಿರ ಕಡ್ಡಿ ಗೀರಬಾರದು, ಚೀಟಿ ಇಲ್ಲದ ಸೀಸೆಯನ್ನು ಮುಟ್ಟಬಾರದು, ಅಡುಗೆಮನೆಯ ಲೋಟ ಈ ಕಡೆ ಬರಬಾರದು.

ಓರಗಿತ್ತಿ ಈ ಕೋಣೆಗೆ ಕಾಲಿಟ್ಟದ್ದು ಅತ್ತೆಯ ಮಾತಿನಿಂದ. ಮೈದುನ ಊರೂರು ತಿರುಗುವ ಲಾರಿ ಡ್ರೈವರು. ಮದುವೆಯಾಗಿ ಬಂದ ಹುಡುಗಿ ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಬೇಕು, ನಿನ್ನ ಜೊತೆ ಕರೆದುಕೊಂಡು ಹೋಗಬಾರದೇ ಎಂದು ಅತ್ತೆ ಕೇಳಿದ್ದರು. ಕೇಳಿದ್ದು ಬಾಯಿಮಾತಿಗೆ, ನಿಜಕ್ಕೂ ಅದು ಅಪ್ಪಣೆ. ಇಂಕಕ್ಕ ಸಂತೋಷದಿಂದಲೇ ಒಪ್ಪಿದಳು. ತಾನು ತಡವರಿಸಿ ಕಲಿತದ್ದನ್ನು ಇನ್ನೊಬ್ಬಳಿಗೆ ಕೈಹಿಡಿದು ಕಲಿಸುವುದರಲ್ಲಿ ಒಂದು ದೊಡ್ಡಸ್ತಿಕೆ ಇರುತ್ತದೆ. ಮೊದಲ ಎರಡು ತಿಂಗಳು ಆ ದೊಡ್ಡಸ್ತಿಕೆಯನ್ನು ಅವಳು ಚೆನ್ನಾಗಿಯೇ ಅನುಭವಿಸಿದಳು.

ಮೂರನೆಯ ತಿಂಗಳಿಗೆ ವಿಷಯ ಬದಲಾಯಿತು. ಓರಗಿತ್ತಿ ಗಡಿಯಾರ ರಿಪೇರಿಯವನ ಮಗಳು. ಮಾತು ಬರುವ ಮೊದಲೇ ಚಿಮ್ಮಟ ಹಿಡಿದವಳು. ಅವಳ ಬೆರಳಿಗೆ ನಡುಕ ಎಂಬುದೇ ಗೊತ್ತಿರಲಿಲ್ಲ. ಸಿರಿಂಜಿನ ತುದಿಗೆ ಮೆತ್ತನೆಯ ರಬ್ಬರು ಕೊಳವೆ ಸಿಕ್ಕಿಸಿ, ಕಾರ್ಟ್ರಿಜ್‌ನ ಮೂತಿಗೆ ಹಿಡಿದು, ಉಸಿರು ಬಿಗಿಹಿಡಿದು ಇಷ್ಟೇ ಇಷ್ಟು ಎಳೆಯುತ್ತಿದ್ದಳು. ಇಂಕಕ್ಕ ಅರ್ಧ ದಿನ ಕಾದು ಬಿಡಿಸುತ್ತಿದ್ದ ಬಣ್ಣ ಅವಳಿಗೆ ಗಂಟೆಯೊಳಗೆ ಬಂದುಬಿಡುತ್ತಿತ್ತು. ಜೊತೆಗೆ ಬಾಯಿ ತುಂಬ ಮಾತು. ಕಾರ್ಟ್ರಿಜ್ ತಂದವರ ಮಕ್ಕಳು ಎಷ್ಟು, ಅವರ ಮಂಡಿನೋವು ಹೇಗಿದೆ, ಎಲ್ಲ ಅವಳಿಗೆ ಬೇಕು. ಮೊದಮೊದಲು ಜನ ಅವಳನ್ನು ‘ಸಣ್ಣ ಇಂಕಕ್ಕ’ ಎಂದರು. ಆಮೇಲೆ ಹೊಸದೊಂದು ಮಾತು ಶುರುವಾಯಿತು: ಆ ಹುಡುಗಿಯ ಕೈಗುಣ ಚೆನ್ನಾಗಿದೆ.

ಕೈಗುಣ. ಹದಿನಾರು ವರ್ಷದಲ್ಲಿ ಒಬ್ಬರಾದರೂ ಇಂಕಕ್ಕನಿಗೆ ಆ ಮಾತು ಹೇಳಿರಲಿಲ್ಲ. ಅವಳಿಗೆ ‘ಪರವಾಗಿಲ್ಲ, ಸರಿಯಾಯ್ತು’ ಎನ್ನುತ್ತಿದ್ದರು. ಅವಳು ಅದನ್ನೇ ಹೊಗಳಿಕೆ ಅಂದುಕೊಂಡು ಬದುಕಿದ್ದಳು.

ಹೊಟ್ಟೆಕಿಚ್ಚು ಎಂಬ ಶಬ್ದವನ್ನು ಅವಳು ಬೇರೆಯವರ ವಿಷಯದಲ್ಲಿ ಬೇಕಾದಷ್ಟು ಸಲ ಬಳಸಿದ್ದಳು. ತನ್ನ ಹೊಟ್ಟೆಯಲ್ಲಿ ಹತ್ತಿಕೊಂಡಾಗ ಮಾತ್ರ ಅದಕ್ಕೆ ಬೇರೆ ಬೇರೆ ಹೆಸರಿಟ್ಟಳು. ಸಿರಿಂಜ್ ತೊಳೆಯದೆ ಇಟ್ಟಿದ್ದಾಳೆ, ಇದಕ್ಕೆ ಶಿಸ್ತು ಎನ್ನುತ್ತಾರೆಯೇ? ಗಿರಾಕಿಗಳ ಜೊತೆ ಇಷ್ಟೊಂದು ನಗು, ಅಂಗಡಿಯ ಮರ್ಯಾದೆ ಏನಾಗಬೇಕು? ಹಿಂದಿನ ಕೋಣೆಯಲ್ಲಿ ನಗು ಎದ್ದಾಗಲೆಲ್ಲ ಅವಳು ಮುಂದಿನ ಕೋಣೆಗೆ ಹೋಗಿ, ಜೋಡಿಸಿಟ್ಟ ಕಾಗದವನ್ನೇ ಮತ್ತೆ ಜೋಡಿಸುತ್ತಿದ್ದಳು. ಗಂಡ ಒಂದು ಸಲ ತಲೆಯೆತ್ತಿ ನೋಡಿ, ಆ ಕಾಗದ ನಿನಗೇನು ಅಪರಾಧ ಮಾಡಿದೆ ಎಂದು ಕೇಳಿದ. ಒಮ್ಮೆ ಓರಗಿತ್ತಿ ಸರಿಮಾಡಿದ ಕಾರ್ಟ್ರಿಜ್ ಎರಡೇ ದಿನಕ್ಕೆ ಕೆಟ್ಟು ವಾಪಸ್ಸು ಬಂತು. ಗಿರಾಕಿಯ ಎದುರು ಇಂಕಕ್ಕ ಅಯ್ಯೋ ಪಾಪ ಎಂದಳು. ಆದರೆ ಆ ದಿನ ಅವಳಿಗೆ ಊಟ ಎರಡು ತುತ್ತು ಹೆಚ್ಚೇ ಸೇರಿತು. ಸಂಜೆ ಅತ್ತೆಗೆ ಆ ಸುದ್ದಿಯನ್ನು ಏನೂ ಅಲ್ಲವೆಂಬಂತೆ ಹೇಳಿದಳು. ಅತ್ತೆ ತಲೆಯಾಡಿಸಿ, “ಕಲಿಯೋ ಕೈ ಅಲ್ವಾ, ಒಂದೆರಡು ಕೆಡುತ್ತೆ ಬಿಡು. ನೀನು ಕೆಡಿಸಿದ್ದು ನಾನು ನೋಡಿಲ್ವಾ” ಎಂದರು. ಗಾಯದ ಮೇಲೆ ಬರೆ ಎಂದರೆ ಏನೆಂದು ಆಗ ಅವಳಿಗೆ ಗೊತ್ತಾಯಿತು.

ಇಷ್ಟಾದರೂ ಅವಳಿಗೊಂದು ಸಮಾಧಾನವಿತ್ತು. ದಪ್ಪಕ್ಷರದ ಮೇಷ್ಟ್ರು ಮಾತ್ರ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ನಿವೃತ್ತರಾದ ಆ ಮೇಷ್ಟ್ರ ಹೆಂಡತಿಗೆ ದೃಷ್ಟಿ ವರ್ಷವರ್ಷಕ್ಕೂ ಕುಂದುತ್ತಿತ್ತು. ಆಕೆಗೆ ಓದುವುದೆಂದರೆ ಪ್ರಾಣ. ಪುಸ್ತಕದ ಅಕ್ಷರ ಕಾಣುತ್ತಿರಲಿಲ್ಲ. ಪರದೆಯ ಬೆಳಕಿಗೆ ಕಣ್ಣು ಉರಿಯುತ್ತಿತ್ತು. ಹಾಗಾಗಿ ಮೇಷ್ಟ್ರು ದಿನವೂ ಬೆಳಿಗ್ಗೆ ಕುಳಿತು ನಾಲ್ಕಾರು ಪುಟ ಟೈಪು ಮಾಡಿ, ಹೆಬ್ಬೆರಳಿನ ಗಾತ್ರದ ಕಪ್ಪು ಅಕ್ಷರಗಳಲ್ಲಿ ಅಚ್ಚುಹಾಕಿ ಕೊಡುತ್ತಿದ್ದರು. ಅವರ ಪ್ರಿಂಟರು ಹಳೆಯ ಕಾಲದ್ದು. ಅದರ ಕಪ್ಪು ಕಾರ್ಟ್ರಿಜ್ ಈಗ ಎಲ್ಲಿಯೂ ಸಿಗುತ್ತಿರಲಿಲ್ಲ. ಇದ್ದ ಒಂದನ್ನೇ ಇಂಕಕ್ಕ ಆರು ವರ್ಷದಿಂದ ತೊಳೆದು, ತುಂಬಿಸಿ, ಬದುಕಿಸಿಕೊಂಡು ಬಂದಿದ್ದಳು. ಹೊಸ ಪ್ರಿಂಟರು ಕೊಳ್ಳಿ ಎಂದರೆ ಮೇಷ್ಟ್ರು, ಇದರ ಕಪ್ಪಿನಷ್ಟು ಗಾಢ ಕಪ್ಪು ಬೇರೆ ಯಾವುದರಲ್ಲೂ ಬರುವುದಿಲ್ಲ, ಅವಳಿಗೆ ಕಾಣುವುದು ಇದೊಂದೇ ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಮೇಷ್ಟ್ರು ಬಂದರು. ಕರವಸ್ತ್ರದಲ್ಲಿ ಸುತ್ತಿದ ಕಾರ್ಟ್ರಿಜ್ ಕೈಯಲ್ಲಿತ್ತು. ಇಂಕಕ್ಕ ಗ್ಲೌಸ್ ಹಾಕಿಕೊಳ್ಳುತ್ತ ಕೈಚಾಚಿದಳು. ಅವರು ಅವಳ ಭುಜದಾಚೆ ಇಣುಕಿದರು.

“ಆ ಹುಡುಗಿ ಇದ್ದಾಳಾ? ಕೈಗುಣ ಚೆನ್ನಾಗಿದೆ ಅಂತ ಎಲ್ರೂ ಹೇಳ್ತಾರೆ. ಈ ಸಲ ಅವಳ ಕೈಲಿ ಮಾಡ್ಸೋಣ ಅಂತ.”

ಅವರ ದನಿಯಲ್ಲಿ ಯಾವ ಕೊಂಕೂ ಇರಲಿಲ್ಲ. ಅದೇ ಇಂಕಕ್ಕನನ್ನು ಹೆಚ್ಚು ನೋಯಿಸಿದ್ದು. ಚಾಚಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಬಾಗಿಲ ಕಡೆ ತೋರಿಸಿ, ಒಳಗಿದ್ದಾಳೆ, ಹೋಗಿ ಎಂದಳು.

ಮೇಷ್ಟ್ರು ಹೋದ ಮೇಲೆ ಓರಗಿತ್ತಿ ಆ ಕಾರ್ಟ್ರಿಜ್ಜನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಇಂಥ ಹಳೆಯದನ್ನು ಅವಳು ಕಂಡಿರಲಿಲ್ಲ. “ಅಕ್ಕ, ಇದಕ್ಕೂ ಅದೇ ಹದಾನಾ? ಸ್ಪಿರಿಟ್ ಅಷ್ಟೇ ಹಾಕ್ಬೇಕಾ?”

ಇಂಕಕ್ಕನಿಗೆ ಉತ್ತರ ಗೊತ್ತಿತ್ತು. ಈ ಹಳೆಯ ಕಪ್ಪು ಬೇರೆ ಜಾತಿಯದು. ಬಣ್ಣ ನೀರಿನಲ್ಲಿ ಕರಗಿರುವುದಿಲ್ಲ, ಪುಡಿಯಾಗಿ ತೇಲುತ್ತಿರುತ್ತದೆ. ಸ್ಪಿರಿಟ್ ಸೋಕಿದರೆ ಹುಳಿ ಹಿಂಡಿದ ಹಾಲಿನಂತೆ ಒಡೆದು ಗಡ್ಡೆಕಟ್ಟುತ್ತದೆ. ಅದಕ್ಕೆ ಬಟ್ಟಿ ಇಳಿಸಿದ ನೀರು, ಎರಡು ಹನಿ ಗ್ಲಿಸರಿನ್ ಅಷ್ಟೇ ಸಾಕು. ಇದನ್ನು ಅವಳು ಹಿಂದೆ ಒಂದು ಕಾರ್ಟ್ರಿಜ್ ಬಲಿಕೊಟ್ಟು ಕಲಿತಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ, ಕೈಗುಣ ಇರುವವಳಿಗೆ ನನ್ನ ಮಾತು ಯಾಕೆ ಎಂಬ ಇನ್ನೊಂದು ಮಾತು ಒಳಗಿನಿಂದ ಎದ್ದು ಮೊದಲನೆಯದನ್ನು ನುಂಗಿತು.

“ಎಲ್ಲಾದಕ್ಕೂ ಒಂದೇ ಹದ” ಎಂದು ಹೇಳಿ ಅವಳು ಮುಂದಿನ ಕೋಣೆಗೆ ಹೋದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆರು ವರ್ಷ ಕಾಪಾಡಿದ ಕಾರ್ಟ್ರಿಜ್ ಆ ಮಧ್ಯಾಹ್ನದ ಹೊತ್ತಿಗೆ ಕಟ್ಟಿಕೊಂಡಿತು. ಬಾಗಿಲ ಸಂದಿಯಿಂದ ಇಂಕಕ್ಕ ನೋಡುತ್ತಲೇ ಇದ್ದಳು. ಓರಗಿತ್ತಿ ಬಟ್ಟೆ ಬದಲಿಸಿದಳು, ಮತ್ತೆ ಬದಲಿಸಿದಳು. ಪಟ್ಟಿ ಮೂಡುವ ಬದಲು ಬಟ್ಟೆಯ ಮೇಲೆ ಕರಿ ಮಣ್ಣಿನಂಥ ಕಾಳುಗಳು ಬಿದ್ದವು. ಕೊಳವೆ ಹಿಡಿದು ಎಳೆದಳು, ಏನೂ ಬರಲಿಲ್ಲ. ಮಾರನೆಯ ದಿನ ಸಂಜೆಗೆ ಕೊಡುವುದಾಗಿ ಮೇಷ್ಟ್ರಿಗೆ ಮಾತು ಕೊಟ್ಟಿದ್ದಳು. ಯಾವಾಗಲೂ ವಟವಟ ಎನ್ನುವವಳು ಅಂದು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಇಂಕಕ್ಕನಿಗೆ ಮೊದಲು ಖುಷಿಯೇ ಆಯಿತು. ನಾಳೆ ಸೋತು ಬಂದು ನನ್ನನ್ನೇ ಕೇಳುತ್ತಾಳೆ, ಆಗ ನಾನು ಕೈಹಾಕಿ ಬದುಕಿಸುತ್ತೇನೆ, ಮೇಷ್ಟ್ರಿಗೆ ಯಾರ ಕೈ ಯಾವುದೆಂದು ಗೊತ್ತಾಗುತ್ತದೆ ಎಂದು ಲೆಕ್ಕ ಹಾಕಿದಳು.

ಆದರೆ ಓರಗಿತ್ತಿ ಕೇಳಲಿಲ್ಲ. ಜನ ಹೊಗಳಿ ಹೊಗಳಿ ಅವಳಿಗೂ ಸೋಲುವುದು ಕಷ್ಟವಾಗಿತ್ತು. ಮಾರನೆಯ ದಿನ ಬೆಳಿಗ್ಗೆ ಬೇಗ ಬಂದವಳು, ಮೇಜಿನ ಮೇಲಿನ ಸೀಸೆಗಳಿಗೆ ಶಕ್ತಿ ಸಾಲದು ಎಂದುಕೊಂಡು ಹೊರಗಿನವನ್ನು ಹುಡುಕಿದಳು. ಜೆರಾಕ್ಸ್ ಯಂತ್ರದ ಗಾಜು ಒರೆಸುವ ದ್ರವ ತಂದು ಬಟ್ಟಲಿಗೆ ಸುರಿದಳು. ಅದರಲ್ಲಿ ಅಮೋನಿಯಾ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹಿಂದಿನ ದಿನದ ಬಟ್ಟೆಯ ತುಂಡೊಂದನ್ನು ಅದರಲ್ಲಿ ಅದ್ದಿ ನೋಡಿದಳು, ಕರಿ ಕಾಳು ಕರಗಲಿಲ್ಲ. ಆಗ ಬಚ್ಚಲಿನ ಬ್ಲೀಚ್ ತಂದಳು. ಎಂಥ ಕಲೆಯನ್ನೂ ಬಿಡಿಸುತ್ತದಲ್ಲ, ಇದನ್ನೂ ಬಿಡಿಸಲಿ ಎಂದು ಅದೇ ಬಟ್ಟಲಿಗೆ ಬಗ್ಗಿಸಿದಳು.

ಇಂಕಕ್ಕ ಆಗಷ್ಟೇ ಹೊಸಿಲು ದಾಟಿದ್ದಳು. ಮೂಗಿಗೆ ಚುಚ್ಚುವಂಥ ಘಾಟು ಬಡಿಯಿತು. ಒಳಗೆ ಓರಗಿತ್ತಿ ಒಂದು ಕೈಯಲ್ಲಿ ಮೇಜು ಹಿಡಿದು ಕೆಮ್ಮುತ್ತಿದ್ದಳು. ಇಂಕಕ್ಕ ಸೆರಗಿನಿಂದ ಮೂಗು ಮುಚ್ಚಿ, ಉಸಿರು ಹಿಡಿದು ನುಗ್ಗಿ, ಅವಳ ರಟ್ಟೆ ಹಿಡಿದು ದರದರನೆ ಎಳೆದುಕೊಂಡು ಅಂಗಡಿಯಾಚೆ ತಂದಳು. ಅವಳ ಹಿಂದೆಯೇ ಬಂದಿದ್ದ ಗಂಡ ಬಟ್ಟಲು ಎತ್ತಿಡಲು ಒಳಗೆ ಹೊರಟಾಗ, “ಹೋಗ್ಬೇಡಿ. ಕಿಟಕಿ ತೆರೆದಿದೆ, ಸಂಜೆ ತನಕ ಯಾರೂ ಒಳಗೆ ಕಾಲಿಡೋದು ಬೇಡ” ಎಂದು ತಡೆದಳು. ಓರಗಿತ್ತಿ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಕಣ್ಣು ಮೂಗಿನಲ್ಲೆಲ್ಲ ನೀರು, ಉಸಿರು ಸೀಟಿ ಹೊಡೆದಂತೆ.

ಆಸ್ಪತ್ರೆಯಲ್ಲಿ ಮುಖಕ್ಕೆ ಆಮ್ಲಜನಕದ ಮುಸುಕು ಹಾಕಿದರು. ಆ ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ ಎಂದು ಡಾಕ್ಟರು ವಿವರಿಸಿದರು. ಕಿಟಕಿ ತೆರೆದಿದ್ದರಿಂದ, ಬೇಗ ಹೊರಗೆ ತಂದದ್ದರಿಂದ ಇಷ್ಟರಲ್ಲೇ ಮುಗಿಯಿತು, ಇನ್ನೈದು ನಿಮಿಷ ಒಳಗಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದರು. ಅತ್ತೆ ಓಡಿಬಂದು ವಿಷಯ ಕೇಳಿ ಇಂಕಕ್ಕನ ಎರಡೂ ಕೈ ಹಿಡಿದುಕೊಂಡು, ನೀನಿದ್ದದ್ದಕ್ಕೆ ಉಳಿದಳು ತಾಯಿ ಎಂದು ಕಣ್ಣಿಗೊತ್ತಿಕೊಂಡರು. ತಿಂಗಳುಗಟ್ಟಲೆ ಹೊಗಳಿಕೆಗೆ ಬಾಯಿಬಿಟ್ಟುಕೊಂಡಿದ್ದವಳಿಗೆ ಕೊನೆಗೂ ಹೊಗಳಿಕೆ ಸಿಕ್ಕಿತ್ತು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

ಮಧ್ಯಾಹ್ನ ಅತ್ತೆ ಮನೆಗೆ ಹೋದ ಮೇಲೆ ಇಂಕಕ್ಕ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಕಪ್ಪಿಗೆ ಸ್ಪಿರಿಟ್ ಆಗದೆಂದು ತನಗೆ ಗೊತ್ತಿದ್ದದ್ದು, ಗೊತ್ತಿದ್ದೂ ಒಂದೇ ಹದ ಎಂದು ಸುಳ್ಳು ಹೇಳಿದ್ದು, ಬಾಗಿಲ ಸಂದಿಯಿಂದ ನೋಡುತ್ತ ನಿಂತದ್ದು. ಯಾಕೆ ಎಂದು ಓರಗಿತ್ತಿ ಕೇಳಲಿಲ್ಲ. ಆದರೂ ಇಂಕಕ್ಕನೇ ಹೇಳಿದಳು.

“ಹೊಟ್ಟೆಕಿಚ್ಚು ಕಣೇ. ಬೇರೆ ಏನಿಲ್ಲ.”

ಓರಗಿತ್ತಿ ಮುಸುಕನ್ನು ಸ್ವಲ್ಪ ಸರಿಸಿ, ಒಡೆದ ದನಿಯಲ್ಲಿ ಕೇಳಿದಳು: “ಇಷ್ಟು ದಿನ ನೀವು ಹೇಳಿಕೊಟ್ರಲ್ಲ ಅಕ್ಕ, ಅದರಲ್ಲಿ ಯಾವುದು ಪೂರ್ತಿ, ಯಾವುದು ಅರ್ಧ ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಇನ್ಮೇಲೆ?”

ಬೈದಿದ್ದರೆ ಇಂಕಕ್ಕ ತಡೆದುಕೊಳ್ಳುತ್ತಿದ್ದಳು. ಈ ಪ್ರಶ್ನೆಗೆ ಅವಳು ತಲೆ ತಗ್ಗಿಸಿ, ಸರಿದಿದ್ದ ಮುಸುಕನ್ನು ಮತ್ತೆ ಸರಿಯಾಗಿ ಕೂರಿಸಿದಳು.

ಮಾರನೆಯ ದಿನ ಅವಳು ಒಬ್ಬಳೇ ಅಂಗಡಿಗೆ ಬಂದಳು. ಬಟ್ಟಲನ್ನು ದೂರದಿಂದಲೇ ನೀರು ಹೊಯ್ದು ಖಾಲಿ ಮಾಡಿದಳು, ಬ್ಲೀಚ್ ಡಬ್ಬಿಯನ್ನು ಅಂಗಡಿಯಿಂದಲೇ ಆಚೆ ಹಾಕಿದಳು. ಆಮೇಲೆ ಮೇಷ್ಟ್ರ ಕಾರ್ಟ್ರಿಜ್ ಮುಂದೆ ಕೂತಳು. ಪುಣ್ಯಕ್ಕೆ ಅದಿನ್ನೂ ಆ ಬಟ್ಟಲಿಗೆ ಬಿದ್ದಿರಲಿಲ್ಲ. ಬಟ್ಟಿ ಇಳಿಸಿದ ನೀರು, ಎರಡು ಹನಿ ಗ್ಲಿಸರಿನ್, ಮಡಿಸಿದ ಬಟ್ಟೆ. ಎತ್ತಿ, ಒತ್ತಿ, ಮತ್ತೆ ಕೂರಿಸಿ, ಮೂರು ದಿನ ಅದೇ ಕೆಲಸ. ಮೂರನೆಯ ದಿನ ಕಪ್ಪು ಹರಿಯಿತು, ಆದರೆ ಪೂರ್ತಿಯಾಗಿ ಅಲ್ಲ. ಪಟ್ಟಿಯ ನಡುವೆ ಒಂದು ಬಿಳಿಗೆರೆ ಉಳಿದೇಬಿಟ್ಟಿತು. ಗಡ್ಡೆಕಟ್ಟಿದ ಕೆಲವು ತೂತುಗಳು ಏನು ಮಾಡಿದರೂ ಬಾಯಿ ಬಿಡಲಿಲ್ಲ.

ಅವಳೇ ಅದನ್ನು ಮೇಷ್ಟ್ರ ಮನೆಗೆ ತೆಗೆದುಕೊಂಡು ಹೋದಳು. ಆರು ವರ್ಷದಲ್ಲಿ ಆ ಮನೆಯನ್ನು ನೋಡಿದ್ದು ಅದೇ ಮೊದಲು. ಗೋಡೆಯುದ್ದಕ್ಕೂ ರಟ್ಟಿನ ಕಡತಗಳು, ಪ್ರತಿಯೊಂದರಲ್ಲೂ ದಪ್ಪಕ್ಷರದ ಹಾಳೆಗಳು. ಮೇಷ್ಟ್ರ ಹೆಂಡತಿ ಕಿಟಕಿಯ ಹತ್ತಿರ ಕೂತು ಹಳೆಯ ಪುಟವೊಂದನ್ನು ಮತ್ತೆ ಓದುತ್ತಿದ್ದರು. ಮೂಗು ಹಾಳೆಗೆ ತಾಗುವಷ್ಟು ಹತ್ತಿರ. ನಾಲ್ಕು ದಿನದಿಂದ ಹೊಸ ಪುಟ ಇರಲಿಲ್ಲ. ಇಂಕಕ್ಕ ನಿಂತುಕೊಂಡೇ ಇದು ತನ್ನ ತಪ್ಪು, ಆ ಹುಡುಗಿಯದಲ್ಲ ಎಂದು ಹೇಳಿ, ಗೆರೆ ಉಳಿದದ್ದನ್ನು ತೋರಿಸಿದಳು. ಮೇಷ್ಟ್ರು ಒಂದು ಪುಟ ಅಚ್ಚುಹಾಕಿ ಹೆಂಡತಿಯ ಕೈಗಿತ್ತರು. ಪ್ರತಿ ಸಾಲಿನ ನಡುವೆ ಬಿಳಿಗೆರೆ ಅಕ್ಷರಗಳ ಹೊಟ್ಟೆ ಸೀಳಿಕೊಂಡು ಹೋಗಿತ್ತು. ಆಕೆ ಒಂದೆರಡು ಸಾಲು ತಡವರಿಸಿ, ಆಗುತ್ತಿಲ್ಲ ಎಂದು ತಲೆಯಾಡಿಸಿದರು.

ಮೇಷ್ಟ್ರು ಸಿಟ್ಟಾಗಲಿಲ್ಲ. ಅಕ್ಷರವನ್ನು ಇನ್ನಷ್ಟು ದೊಡ್ಡದು ಮಾಡಿ ನೋಡೋಣ, ಒಂದು ಪುಟದ್ದು ಎರಡು ಪುಟ ಆಗುತ್ತದೆ ಅಷ್ಟೆ ಎಂದರು. ದೊಡ್ಡದು ಮಾಡಿದಾಗ ಆಕೆ ಹೇಗೋ ಓದಿದರು. ಬಾಗಿಲ ತನಕ ಬಂದು ಬೀಳ್ಕೊಡುವಾಗ ಮೇಷ್ಟ್ರು ಕೇಳಿದ್ದು ಒಂದೇ: ಆ ಹುಡುಗಿ ಹುಷಾರಾದಳಾ, ಅವಳಿಗೆ ಒಂದು ಸಲ ತೋರಿಸಿದರೆ ಗೆರೆ ಹೋಗಬಹುದೇನೋ. ಇಷ್ಟೆಲ್ಲ ಆದ ಮೇಲೂ ಆ ಮಾತು ಇಂಕಕ್ಕನ ಎದೆಯಲ್ಲಿ ಮುಳ್ಳಿನಂತೆ ನಾಟಿತು. ಬೀದಿಯ ಕೊನೆಯ ತನಕ ಅವಳು ತನ್ನನ್ನೇ ಬೈದುಕೊಳ್ಳುತ್ತ ನಡೆದಳು.

ಓರಗಿತ್ತಿ ಹತ್ತು ದಿನ ಅಂಗಡಿಗೆ ಬರಲಿಲ್ಲ. ಆ ಹತ್ತು ದಿನದಲ್ಲಿ ಇಂಕಕ್ಕ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ತನಗೆ ಗೊತ್ತಿದ್ದದ್ದನ್ನೆಲ್ಲ ಬರೆದಳು. ಯಾವ ಬಣ್ಣಕ್ಕೆ ಯಾವ ಹದ, ಯಾವುದು ಯಾವುದರ ಜೊತೆ ಸೇರಬಾರದು, ತಾನು ಕೆಡಿಸಿದ ಒಂದೊಂದು ಕಾರ್ಟ್ರಿಜ್ ಯಾಕೆ ಕೆಟ್ಟಿತು. ಬರೆಯುವುದು ಸುಲಭವಾಗಿರಲಿಲ್ಲ, ಎರಡು ಕಡೆ ಪೆನ್ನು ತಾನಾಗಿ ನಿಂತಿತು, ಇದೊಂದು ನನ್ನ ಬಳಿಯೇ ಇರಲಿ ಎಂದು ಮನಸ್ಸು ಎಳೆಯಿತು. ಆ ಎರಡನ್ನೂ ಬರೆದಳು. ಹನ್ನೊಂದನೆಯ ದಿನ ಓರಗಿತ್ತಿ ಬಂದಾಗ ನೋಟ್‌ಬುಕ್ ಅವಳ ಮುಂದಿಟ್ಟಳು. ಓರಗಿತ್ತಿ ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಪುಟ ತಿರುಗಿಸುತ್ತ ಹೋದಳು. ಒಂದು ಕಡೆ ಬೆರಳಿಟ್ಟು, ಇದನ್ನು ಮೊದಲೇ ಹೇಳಿಕೊಟ್ಟಿದ್ರಿ ಎಂದಳು. ಹೇಳಿಕೊಡದಿದ್ದ ಇನ್ನೊಂದು ಸಿಕ್ಕಾಗ ಆ ಪುಟದ ಮೂಲೆ ಮಡಿಸಿದಳು.

ಮೇಷ್ಟ್ರ ಕಾರ್ಟ್ರಿಜ್ ಮತ್ತೆ ಅಂಗಡಿಗೆ ಬಂತು. ಗ್ಲಿಸರಿನ್ ಬೆರೆಸಿದ ನೀರಿನಲ್ಲಿ ಓರಗಿತ್ತಿ ಅದನ್ನು ನೆನೆಸಿ, ಕೊಳವೆ ಹಿಡಿದು, ಎಳೆಯುವ ಬದಲು ಹನಿಹನಿಯಾಗಿ ನೀರನ್ನು ಒಳಗೆ ನೂಕಿ ಮತ್ತೆ ಹಿಂದಕ್ಕೆ ಕರೆದಳು. ಐದು ದಿನ ಹಿಡಿಯಿತು. ಆರನೆಯ ದಿನ ಬಟ್ಟೆಯ ಮೇಲೆ ಕಪ್ಪು ಪಟ್ಟಿ ಸೀಳಿಲ್ಲದೆ ಮೂಡಿತು. ಇಂಕಕ್ಕ ಕೈಕಟ್ಟಿ ನಿಂತು ನೋಡಿದಳು. ತನ್ನಿಂದ ಆಗದ್ದು ಆಗಿತ್ತು. ಖುಷಿಯಾಯಿತು, ಅದರ ಬೆನ್ನಿಗೇ ಹಳೆಯ ಉರಿಯೂ ಎದ್ದಿತು.

“ಎಷ್ಟು ನೂಕ್ದೆ, ಎಷ್ಟು ಎಳೆದೆ? ನಂಗೂ ಹೇಳು” ಎಂದು ಕೇಳಿದಳು.

ಓರಗಿತ್ತಿ ಗ್ಲೌಸ್ ಕಳಚಿ ಒಂದರ ಮೇಲೊಂದಿಟ್ಟಳು. ಆಮೇಲೆ ಸಿರಿಂಜ್ ಎತ್ತಿಕೊಂಡು, ಅಳತೆಯ ಗೆರೆ ತೋರಿಸುತ್ತ ನಿಧಾನವಾಗಿ ಹೇಳಿಕೊಟ್ಟಳು. ಇಂಕಕ್ಕ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಬರೆದುಕೊಂಡಳು. ಓರಗಿತ್ತಿ ಹೇಳಿದ್ದು ಪೂರ್ತಿಯೇ, ಅರ್ಧವೇ ಎಂಬ ಪ್ರಶ್ನೆ ಅವಳ ಮನಸ್ಸಿಗೂ ಬಂತು. ಕೇಳುವ ಹಕ್ಕು ತನಗಿಲ್ಲವೆಂದು ಬಾಯಿಮುಚ್ಚಿಕೊಂಡಳು. ವಾರ ಕಳೆದ ಮೇಲೆ ಬೇರೊಂದು ಕಾರ್ಟ್ರಿಜ್ ಮೇಲೆ ಅದನ್ನೇ ಮಾಡಿ ನೋಡಿದಳು. ಅವಳ ಬೆರಳು ಅಷ್ಟು ಹಗುರವಲ್ಲ, ಹೊತ್ತು ಹಿಡಿಯಿತು. ಆದರೆ ಬಣ್ಣ ಹರಿಯಿತು.

ಈಗಲೂ ಇಬ್ಬರೂ ಅದೇ ಮೇಜಿನ ಎರಡು ತುದಿಯಲ್ಲಿ ಕೂರುತ್ತಾರೆ. ಕಪ್ಪು ಬಂದರೆ ಇಂಕಕ್ಕನಿಗೆ, ಬಣ್ಣ ಬಂದರೆ ಓರಗಿತ್ತಿಗೆ. ಗಿರಾಕಿಗಳು ಕೈಗುಣದ ಮಾತೆತ್ತಿದಾಗ ಇಂಕಕ್ಕನ ಮುಖ ಬಿಗಿಯುವುದು ಪೂರ್ತಿ ನಿಂತಿಲ್ಲ. ಅಂಥ ಹೊತ್ತಿನಲ್ಲಿ ಅವಳು ಎದ್ದು ಮುಂದಿನ ಕೋಣೆಗೆ ಹೋಗುವುದನ್ನು ಮಾತ್ರ ಬಿಟ್ಟಿದ್ದಾಳೆ. ಕೂತಲ್ಲೇ ಕೂತು, “ಹೌದು, ಅವಳ ಕೈ ಚೆನ್ನಾಗಿದೆ” ಎನ್ನುತ್ತಾಳೆ. ಹೇಳುವಾಗ ದನಿ ಸ್ವಲ್ಪ ಒಣಗಿರುತ್ತದೆ, ಆದರೂ ಹೇಳುತ್ತಾಳೆ.